ಎದುರುಗಾಳಿಯ ದೆವ್ವಗಳು

1719ರ ಅಕ್ಟೋಬರ್. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ದಾಟಲು ‘ಸ್ಪೀಡ್‌ವೆಲ್’ ಎಂಬ ಇಂಗ್ಲಿಷ್ ಹಡಗು ಹೆಣಗುತ್ತಿತ್ತು. ಬಿಡದ ಎದುರುಗಾಳಿ. ಸುತ್ತ ಮೀನಿಲ್ಲ, ಹಕ್ಕಿಯಿಲ್ಲ. ಕರಿ ಆಲ್ಬಟ್ರಾಸ್ ಒಂದು ಮಾತ್ರ ದಾರಿ ತಪ್ಪಿದ ಹಾಗೆ ಹಡಗಿನ ಸುತ್ತಲೇ ಸುಳಿದಾಡುತ್ತಿತ್ತು. ಸೈಮನ್ ಹ್ಯಾಟ್ಲಿ ಎಂಬ ಅಧಿಕಾರಿಗೆ ಅದರ ಮೈಬಣ್ಣವೇ ಅಪಶಕುನವಾಗಿ ಕಂಡಿತು. ಹಕ್ಕಿ ಸತ್ತರೆ ಗಾಳಿ ತಿರುಗೀತು ಎಂದು ಕೋವಿ ಎತ್ತಿ ಹೊಡೆದ. ಗಾಳಿ ತಿರುಗಲಿಲ್ಲ.

ಕಪ್ತಾನ ಜಾರ್ಜ್ ಶೆಲ್ವಾಕ್ 1726ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಈ ಸಂಗತಿಯನ್ನು ಬರೆದಿಟ್ಟ. ಎಪ್ಪತ್ತು ವರ್ಷಗಳಾದ ಮೇಲೆ ಅದನ್ನು ಓದಿದ ಕವಿ ವರ್ಡ್ಸ್‌ವರ್ತ್ ಗೆಳೆಯ ಕೋಲ್ರಿಜ್‌ನ ಕಿವಿಗೆ ಹಾಕಿದ. 1798ರಲ್ಲಿ ಪ್ರಕಟವಾದ ಕೋಲ್ರಿಜ್‌ನ ಮುದಿ ನಾವಿಕನ ಕವಿತೆ ಅಲ್ಲಿಂದ ಮೊಳೆತದ್ದು. ಅದನ್ನು ಬರೆಯುವ ಹೊತ್ತಿಗೆ ಕೋಲ್ರಿಜ್ ದೂರದ ಕಡಲಯಾನವನ್ನೇ ಮಾಡಿರಲಿಲ್ಲ. ಆದರೂ ಒಂದು ಗುಟ್ಟು ಅವನಿಗೆ ಸಿಕ್ಕಿತ್ತು. ಅವನ ಪ್ರೇತನೌಕೆಯಲ್ಲಿ ಸಾವು ಕೂತು ದಾಳ ಉರುಳಿಸುವುದನ್ನು ನೋಡಿ ನಾವು ಓದುಗರು ಬೆಚ್ಚುತ್ತೇವೆ. ಆ ದಾಳದವರೆಗೂ ಕಾಯುವ ತಾಳ್ಮೆ ನಿಜವಾದ ಖಲಾಸಿಗೆ ಇರುತ್ತಿರಲಿಲ್ಲ. ಎಲೆ ಅಲುಗದ ನಿಶ್ಚಲ ಕಡಲಿನಲ್ಲಿ, ಗಾಳಿಯೂ ಇಲ್ಲದೆ ಸೆಳೆತವೂ ಇಲ್ಲದೆ, ಒಂದು ಹಡಗು ನೆಟ್ಟಗೆ ತನ್ನತ್ತ ಬರುತ್ತಿದೆ ಎಂಬಷ್ಟಕ್ಕೇ ಅವನ ಎದೆ ಒಡೆಯುತ್ತಿತ್ತು.

ಹಾಯಿಹಡಗಿನ ಕಾಲದ ದೆವ್ವದ ಕಥೆಗಳನ್ನು ಓದುವಾಗ ನನಗೆ ಮತ್ತೆ ಮತ್ತೆ ಕಾಣುವುದು ಇದೇ. ಬಿಳಿ ಸೀರೆ, ತಿರುಗಿದ ಪಾದಗಳಿಂದ ನಮ್ಮೂರ ದೆವ್ವವನ್ನು ಗುರುತಿಸುತ್ತೇವೆ. ಕಡಲ ದೆವ್ವದ ಗುರುತು ಅದು ಹಾಯಿ ನಡೆಸುವ ರೀತಿಯಲ್ಲಿದೆ. ಗಾಳಿಯ ಕಾನೂನು ಅದಕ್ಕೆ ಅನ್ವಯಿಸುವುದಿಲ್ಲ. ಆ ಕಾನೂನು ಎಷ್ಟು ಕಠಿಣ ಎಂದು ಬಲ್ಲವರಿಗೇ ಅದರ ಭಯವೂ ಗೊತ್ತು.

ಚೌಕದ ಹಾಯಿ ಕಟ್ಟಿದ ದೊಡ್ಡ ಹಡಗು ಗಾಳಿ ಬೀಸಿಬರುವ ದಿಕ್ಕಿಗೆ ಸುಮಾರು 60 ಡಿಗ್ರಿಗಿಂತ ಹತ್ತಿರ ಮುಖ ಮಾಡಿ ಸಾಗಲಾರದು. ಎದುರುಗಾಳಿಯಲ್ಲಿ ಹೋಗಲೇಬೇಕೆಂದರೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಅಂಕುಡೊಂಕು ಹೊಡೆಯಬೇಕು. ಪ್ರತಿ ತಿರುವಿನಲ್ಲೂ ಹತ್ತಾರು ಜನ ಹಗ್ಗ ಜಗ್ಗಿ ಹಾಯಿಗಳ ಮಗ್ಗುಲು ಬದಲಿಸಬೇಕು. ಇಡೀ ದಿನ ಹೀಗೆ ಬೆವರು ಸುರಿಸಿದರೂ ಸಂಜೆಗೆ ಹೊರಟ ಜಾಗದಲ್ಲೇ ಇರುವುದುಂಟು.

‘ಫ್ಲೈಯಿಂಗ್ ಡಚ್‌ಮನ್’ ದಂತಕಥೆಯಲ್ಲಿ ಶಾಪವೆಂದರೆ ಇದೇ ದುಡಿಮೆ, ಕೊನೆಯಿಲ್ಲದ್ದು. 1821ರಲ್ಲಿ ಎಡಿನ್‌ಬರೋದ ‘ಬ್ಲ್ಯಾಕ್‌ವುಡ್ಸ್’ ಮಾಸಿಕದಲ್ಲಿ ಲೇಖಕನ ಹೆಸರಿಲ್ಲದೆ ಬಂದ ಕಥೆ ಅದಕ್ಕೆ ಇಂದಿನ ರೂಪ ಕೊಟ್ಟಿತು. ಆಫ್ರಿಕದ ದಕ್ಷಿಣದಲ್ಲಿ, ಟೇಬಲ್ ಕೊಲ್ಲಿ ಹೊಗಲು ಎದುರುಗಾಳಿಯೊಡನೆ ಗುದ್ದಾಡುತ್ತಿದ್ದ ಕಪ್ತಾನ ವಾಂಡರ್‌ಡೆಕನ್ ಸಿಟ್ಟಿನಲ್ಲಿ ಆಣೆಯಿಡುತ್ತಾನೆ: ಪ್ರಳಯದ ದಿನದವರೆಗೆ ಇಲ್ಲೇ ಸುತ್ತಿದರೂ ಸರಿ, ಸೋಲುವುದಿಲ್ಲ. ಮಾತು ನಿಜವಾಗಿಬಿಡುತ್ತದೆ.

ಅದಕ್ಕಿಂತಲೂ ನನ್ನನ್ನು ಕಾಡುವುದು ಆ ಕಥೆಯ ಕಾಗದಗಳು. ಎದುರಾದ ಹಡಗಿಗೆ ಪ್ರೇತನೌಕೆಯ ಜನ ದೋಣಿ ಇಳಿಸಿ ಬರುತ್ತಾರೆ. ಕೈಯಲ್ಲಿ ಕೊಡಲಿಯಿಲ್ಲ, ಬಾಯಲ್ಲಿ ಶಾಪವಿಲ್ಲ. ಮನೆಗೆ ಬರೆದ ಪತ್ರಗಳಿವೆ, ಆಮ್‌ಸ್ಟರ್‌ಡ್ಯಾಮಿಗೆ ಮುಟ್ಟಿಸಿ ಎಂದು ಅಂಗಲಾಚುತ್ತಾರೆ. ವಿಳಾಸದಲ್ಲಿರುವ ಜನ ಎಂದೋ ತೀರಿಹೋಗಿದ್ದಾರೆ. ಮುಟ್ಟಿದರೆ ಕೇಡು ಎಂದು ಈ ಹಡಗಿನವರು ಹಿಂದೆ ಸರಿಯುತ್ತಾರೆ.

ಈ ಕಲ್ಪನೆಗೆ ನೆಲದ ಆಧಾರವಿದೆ. 1652ರಲ್ಲಿ ಡಚ್ಚರು ಆಫ್ರಿಕದ ಕೇಪಿನಲ್ಲಿ ನೆಲೆಯೂರುವ ಮೊದಲು, ಟೇಬಲ್ ಕೊಲ್ಲಿಗೆ ಬಂದ ಹಡಗುಗಳವರು ಕಲ್ಲಿನ ಮೇಲೆ ಹಡಗಿನ ಹೆಸರು, ದಿನಾಂಕ ಕೆತ್ತಿ ಅದರ ಅಡಿಯಲ್ಲಿ ಪತ್ರಗಳನ್ನು ಬಿಟ್ಟುಹೋಗುತ್ತಿದ್ದರು. ಊರ ಕಡೆಗೆ ಮರಳುವ ಹಡಗು ಅವನ್ನು ಒಯ್ಯಬೇಕು. ಆ ಅಂಚೆಕಲ್ಲುಗಳು ಇಂದಿಗೂ ಕೇಪ್‌ಟೌನಿನಲ್ಲಿವೆ. 1602ರಿಂದ ಸುಮಾರು ಎರಡು ಶತಮಾನ ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಏಷ್ಯಾಕ್ಕೆ ಹೊರಟವರು ಹತ್ತು ಲಕ್ಷದ ಆಸುಪಾಸು. ಮರಳಿದವರು ಅವರಲ್ಲಿ ಸರಿಸುಮಾರು ಮೂರನೆಯ ಒಂದು ಭಾಗ. ಏಷ್ಯಾದಲ್ಲಿ ಕಂಪನಿಯ ನೆಲೆಯಾಗಿದ್ದ ಬಟೇವಿಯಕ್ಕೆ ತಲುಪಲು ಎಂಟು ತಿಂಗಳ ದಾರಿ. ಬರೆದವನೋ ಓದಬೇಕಾದವಳೋ ನಡುವೆ ಸತ್ತುಹೋಗುವುದು ಆ ಟಪಾಲಿನಲ್ಲಿ ದಿನನಿತ್ಯದ ಮಾತು.

ಈ ದಂತಕಥೆಯನ್ನು ಕಾದಂಬರಿಯಾಗಿ ಹಿಗ್ಗಿಸಿದವನು ಫ್ರೆಡರಿಕ್ ಮ್ಯಾರಿಯಟ್. ಬ್ರಿಟಿಷ್ ನೌಕಾಪಡೆಗೆ 1806ರಲ್ಲಿ, ಇನ್ನೂ ಹದಿನಾಲ್ಕರ ಹುಡುಗನಾಗಿದ್ದಾಗಲೇ ಸೇರಿ ನೆಪೋಲಿಯನ್ ಕಾಲದ ಯುದ್ಧಗಳನ್ನು ಕಂಡವನು. 1839ರ ಅವನ ‘ದ ಫ್ಯಾಂಟಮ್ ಶಿಪ್’ನಲ್ಲಿ ಶಾಪಗ್ರಸ್ತ ಕಪ್ತಾನನ ಮಗ ಫಿಲಿಪ್, ತಂದೆಗೆ ಮುಕ್ತಿ ಕೊಡಿಸಲು ಪವಿತ್ರ ಶಿಲುಬೆಯ ಚೂರನ್ನು ಕೊರಳಿಗೆ ಕಟ್ಟಿಕೊಂಡು ಹಡಗಿನಿಂದ ಹಡಗಿಗೆ ಅಲೆಯುತ್ತಾನೆ. ಕಥೆಗೆ ಹಿಡಿತ ಕಡಿಮೆ. ನಡುವೆ ಜರ್ಮನಿಯ ತೋಳಮಾನವಿಯೊಬ್ಬಳು ಹೇಳದೆ ಕೇಳದೆ ನುಗ್ಗುತ್ತಾಳೆ. ಆದರೆ ಪ್ರೇತನೌಕೆ ಕಾಣಿಸಿಕೊಂಡಾಗ ಮ್ಯಾರಿಯಟ್‌ನೊಳಗಿನ ನಾವಿಕ ಎದ್ದು ಕೂರುತ್ತಾನೆ. ನೋಡುವವರ ಹಡಗಿನ ಸುತ್ತ ಕಡಲು ತಣ್ಣಗಿದೆ. ಅಲ್ಲಿ ಕಾಣುವ ಹಡಗು ಮಾತ್ರ ಬಿರುಗಾಳಿಗೆ ಸಿಕ್ಕಂತೆ ವಾಲುತ್ತಿದೆ, ಮೇಲೆದ್ದು ಕೆಳಕ್ಕೆ ಅಪ್ಪಳಿಸುತ್ತಿದೆ. ತನ್ನ ಬಿರುಗಾಳಿಯನ್ನು ತಾನೇ ಹೊತ್ತು ತಿರುಗುವ ಹಡಗು!

ಆ ಕಾದಂಬರಿಯ ನಿಜವಾದ ಭಯಾನಕ ಭಾಗ ಕಡಲಿನಲ್ಲಿಲ್ಲ, ನಮ್ಮ ಪಕ್ಕದ ಗೋವೆಯಲ್ಲಿದೆ. ಫಿಲಿಪ್‌ನ ಹೆಂಡತಿ ಅಮೀನೆ ತಾಯಿಯಿಂದ ಅರಬ್ಬರ ಮಂತ್ರವಿದ್ಯೆ ಕಲಿತವಳು. ಗಂಡನಿಗಾಗಿ ಅದನ್ನು ಪ್ರಯೋಗಿಸಿ ಸಿಕ್ಕಿಬೀಳುತ್ತಾಳೆ; ಗೋವೆಯ ಇನ್‌ಕ್ವಿಸಿಷನ್ ಅವಳನ್ನು ಜೀವಂತ ಸುಡುತ್ತದೆ. 1560ರಲ್ಲಿ ಶುರುವಾದ ಆ ಧರ್ಮನ್ಯಾಯಾಲಯ ಮುಚ್ಚಿದ್ದು 1812ರಲ್ಲಿ, ಎಂದರೆ ಮ್ಯಾರಿಯಟ್ ಸಮವಸ್ತ್ರದಲ್ಲಿದ್ದ ಕಾಲದಲ್ಲೇ. ವಾಂಡರ್‌ಡೆಕನ್‌ಗೆ ಕೊನೆಗೂ ಕ್ಷಮೆ ಸಿಗುತ್ತದೆ, ಅಮೀನೆಗೆ ಸಿಗುವುದಿಲ್ಲ. ಲೇಖಕ ಉದ್ದೇಶಿಸಿದ್ದನೋ ಇಲ್ಲವೋ, ಪುಸ್ತಕ ಮುಚ್ಚಿದ ಮೇಲೆ ಉಳಿಯುವುದು ಅವಳೇ.

ಕಥೆಗಾರರನ್ನು ಬಿಟ್ಟು ರಾಜಕುಮಾರರ ಕಡೆಗೆ ಒಂದು ನೋಟ. 1881ರ ಜುಲೈ 11ರ ನಸುಕಿನ ನಾಲ್ಕು ಗಂಟೆಗೆ, ಮೆಲ್ಬರ್ನ್ ಮತ್ತು ಸಿಡ್ನಿಯ ನಡುವೆ ಸಾಗುತ್ತಿದ್ದ ‘ಇನ್‌ಕಾನ್‌ಸ್ಟಂಟ್’ ಯುದ್ಧನೌಕೆಯ ಮುಂದೆ ಕೆಂಬೆಳಕಿನಲ್ಲಿ ಮಿಂದ ಹಡಗೊಂದು ಹಾದುಹೋಯಿತಂತೆ. ಮುಂದೆ ಐದನೆಯ ಜಾರ್ಜ್ ದೊರೆಯಾದ ಹುಡುಗ ಆಗ ಆ ಯುದ್ಧನೌಕೆಯಲ್ಲಿದ್ದ. ಆ ಯಾನದ ದಿನಚರಿ 1886ರಲ್ಲಿ ಅಚ್ಚಾಯಿತು. ಕಂಡವರು ಹದಿಮೂರು ಜನ ಎಂದೂ, ಮೊದಲು ಕಂಡು ಕೂಗಿದ ನಾವಿಕ ಅದೇ ದಿನ ಬೆಳಗ್ಗೆ ಹಾಯಿಕಂಬದಿಂದ ಬಿದ್ದು ಸತ್ತನೆಂದೂ ಅದರಲ್ಲಿದೆ. ಕೆಂಬೆಳಕು ಮರೀಚಿಕೆಯೇ ಇದ್ದೀತು. ಕಂಬದಿಂದ ಬೀಳುವುದು ಆ ಕೆಲಸದಲ್ಲಿ ದೆವ್ವದ ಸಹಾಯವಿಲ್ಲದೆಯೇ ನಡೆಯುತ್ತಿತ್ತು.

ಈ ಬೀಳುವಿಕೆಯನ್ನೇ ಕಾದಂಬರಿಯ ಬೆನ್ನೆಲುಬು ಮಾಡಿದವನು ವಿಲಿಯಂ ಹೋಪ್ ಹಾಡ್ಜ್‌ಸನ್. ನನ್ನ ಮಟ್ಟಿಗೆ ಈ ಗುಂಪಿನಲ್ಲಿ ಅವನೇ ಮೇಲು. 1891ರಲ್ಲಿ, ಹದಿಮೂರರ ಹುಡುಗ, ಹಡಗು ಸೇರಿದ. ಹಿರಿಯರ ಹೊಡೆತ, ಕೆಟ್ಟ ಊಟ, ಬಿಡಿಗಾಸಿನ ಸಂಬಳ. ತಿರುಗಿ ಹೊಡೆಯಲೆಂದೇ ಮೈ ಬೆಳೆಸಿದ. ಕಡಲು ಬಿಟ್ಟ ಮೇಲೆ ವ್ಯಾಯಾಮಶಾಲೆ ನಡೆಸಿದ. ತಾನೇಕೆ ಕಡಲಿನಲ್ಲಿಲ್ಲ ಎಂದು ಲೇಖನವನ್ನೂ ಬರೆದ. 1918ರಲ್ಲಿ ಬೆಲ್ಜಿಯಮ್ಮಿನ ರಣರಂಗದಲ್ಲಿ ಶೆಲ್ ಬಿದ್ದು ಸತ್ತ.

1909ರ ಅವನ ‘ದ ಘೋಸ್ಟ್ ಪೈರೇಟ್ಸ್’ನಲ್ಲಿ ಹಳೆಯ ಕೋಟೆಯಿಲ್ಲ, ಒಡವೆ ತೊಟ್ಟ ಅಸ್ಥಿಪಂಜರವಿಲ್ಲ. ಇರುವುದು ಪಾಳಿ, ಗಂಟೆ, ಹಗ್ಗ, ಕತ್ತಲೆ. ಬಿಗಿದು ಕಟ್ಟಿದ ತುತ್ತತುದಿಯ ಹಾಯಿ ಯಾರೂ ಮುಟ್ಟದೆ ಬಿಚ್ಚಿಕೊಳ್ಳುತ್ತದೆ. ಯಾರಾದರೂ ಮೇಲೆ ಹತ್ತಿ ಕಟ್ಟಲೇಬೇಕು. ಮೇಲೆ ಯಾರೋ ಮೊದಲೇ ಕೂತಿದ್ದಾರೆ. ವಿಲಿಯಮ್ಸ್ ಎಂಬ ಖಲಾಸಿಗೆ ಹಡಗಿನ ಕೇಡು ಮೊದಲೇ ಗೊತ್ತು. ಹಿಂದಿನ ಯಾನದಲ್ಲಿದ್ದ ಉಳಿದವರೆಲ್ಲ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಇಳಿದು ಪರಾರಿಯಾಗಿದ್ದಾರೆ. ಇವನೊಬ್ಬ ಉಳಿದ, ಏಕೆಂದರೆ ನಡುವೆ ಬಿಟ್ಟರೆ ದುಡಿದ ಸಂಬಳ ಕೈಗೆ ಬರುವುದಿಲ್ಲ. ಒಂದು ರಾತ್ರಿ ಮೇಲಿನಿಂದ ಬಿದ್ದು ಸಾಯುತ್ತಾನೆ. ಕೂಲಿಯ ಲೆಕ್ಕವನ್ನು ಇಷ್ಟು ಗಟ್ಟಿಯಾಗಿ ಹಿಡಿದ ದೆವ್ವದ ಕಥೆಯನ್ನು ನಾನು ಬೇರೆ ಓದಿಲ್ಲ.

ಇಪ್ಪತ್ತು ವರ್ಷ ಕಡಲಿನಲ್ಲಿ ದುಡಿದಿದ್ದ ಜೋಸೆಫ್ ಕಾನ್ರಾಡ್ ದೆವ್ವವನ್ನು ಬಾಗಿಲವರೆಗೆ ಕರೆದು ಅಲ್ಲೇ ನಿಲ್ಲಿಸಿದ. 1917ರ ‘ದ ಶ್ಯಾಡೋ-ಲೈನ್’ನಲ್ಲಿ ಸಯಾಮ್ ಕೊಲ್ಲಿಯಲ್ಲಿ ಹಡಗು ಗಾಳಿಯಿಲ್ಲದೆ ಕೊಳೆಯುತ್ತಿದೆ, ಜನ ಜ್ವರದಲ್ಲಿ ಬಿದ್ದಿದ್ದಾರೆ. ಕೊಲ್ಲಿಯ ಬಾಯಲ್ಲಿ ಕಡಲಿಗೆ ಹಾಕಿದ ಹಳೆಯ ಕಪ್ತಾನನ ಹೆಣವೇ ದಾರಿ ತಡೆದಿದೆ ಎಂಬುದು ಸಹಾಯಕ ಬರ್ನ್ಸ್‌ನ ನಂಬಿಕೆ. ಹೊಸ ಕಪ್ತಾನ ಔಷಧಿಯ ಪೆಟ್ಟಿಗೆ ತೆರೆದರೆ ಕ್ವಿನೈನ್ ಸೀಸೆಗಳಲ್ಲಿ ಏನೋ ಹಿಟ್ಟು. ಅಸಲಿಯನ್ನು ಸತ್ತವನು ಬದುಕಿದ್ದಾಗಲೇ ಮಾರಿಕೊಂಡಿದ್ದನೆಂದು ಕಾಣುತ್ತದೆ. ಇದು ಅತಿಮಾನುಷ ಕಥೆಯಲ್ಲ ಎಂದು ಕಾನ್ರಾಡ್ 1920ರ ಟಿಪ್ಪಣಿಯಲ್ಲಿ ಹೇಳಬೇಕಾಯಿತು. ಆದರೂ ಬರ್ನ್ಸ್ ಡೆಕ್ಕಿಗೆ ತೆವಳಿ ಬಂದು ಸತ್ತವನ ಮೇಲೆ ಗಹಗಹಿಸಿದ ಬಳಿಕವೇ ಗಾಳಿ ಬೀಸುವಂತೆ ಬರೆದವನೂ ಅವನೇ!

ನಂತರದ ಕಾಲದ ಪ್ಯಾಟ್ರಿಕ್ ಓಬ್ರಿಯನ್ ದೆವ್ವದ ಜಾಗದಲ್ಲಿ ಮನುಷ್ಯನನ್ನೇ ನಿಲ್ಲಿಸಿದ. 1984ರ ‘ದ ಫಾರ್ ಸೈಡ್ ಆಫ್ ದ ವರ್ಲ್ಡ್’ನ ಹಾಲಂ ಎಂಬ ದುರ್ದೈವಿ ಅಧಿಕಾರಿಯನ್ನು ನಾವಿಕರು ಅಪಶಕುನದ ಆಸಾಮಿ ಎಂದು ದೂರವಿಡುತ್ತಾರೆ. ಕಾದಂಬರಿಯಲ್ಲಿ ಅವನನ್ನು ಕೊಲ್ಲುವವನು ತನ್ನ ಹೆಂಡತಿಯ ಮೇಲೆ ಸಂಶಯಪಟ್ಟ ಫಿರಂಗಿ ಅಧಿಕಾರಿ. ಅದನ್ನು ಆಧರಿಸಿದ 2003ರ ಸಿನಿಮಾದಲ್ಲಿ ಆ ಹೆಂಗಸೂ ಇಲ್ಲ, ಕೊಲೆಯೂ ಇಲ್ಲ. ಗಾಳಿ ನಿಂತ ಕಡಲಿನಲ್ಲಿ ಎಲ್ಲರ ನೋಟದಿಂದಲೂ ಚುಚ್ಚಿಸಿಕೊಂಡ ಹಾಲಂ, ರಾತ್ರಿ ಫಿರಂಗಿ ಗುಂಡೊಂದನ್ನು ಅವಚಿಕೊಂಡು ನೀರಿಗೆ ಹಾರುತ್ತಾನೆ. ಆಮೇಲೆ ಗಾಳಿ ಬರುತ್ತದೆ. ಓಬ್ರಿಯನ್ ಬರೆದ ಹೊಟ್ಟೆಕಿಚ್ಚಿನ ಕೊಲೆಯೇ ಹೆಚ್ಚು ನಂಬುವಂಥದ್ದು. ಆದರೆ ಹಳೆಯ ಖಲಾಸಿಗಳನ್ನು ಕೇಳಿದ್ದರೆ ಸಿನಿಮಾದವರೇ ಸರಿ ಎನ್ನುತ್ತಿದ್ದರೇನೋ.