ಇಲ್ಲದ ಹೆಡ್‌ಫೋನು ಕಂಡುದೇಕೆ?

ಊರಿನಿಂದ ತಾಯಿಯ ಕರೆ ಬಂದಿದೆ. ಫೋನನ್ನು ಕಿವಿಗೆ ಹಿಡಿದರೆ ಬರಿಯ ಮೌನ. ಪರದೆಯ ಮೇಲಂಚಿನಲ್ಲಿ ಹೆಡ್‌ಫೋನಿನ ಚಿಹ್ನೆ, ರಂಧ್ರವೋ ಬರಿದಾಗಿದೆ. ದನಿಯೆಲ್ಲ ಇಲ್ಲದ ಹೆಡ್‌ಫೋನಿಗೆ ಹೋಗುತ್ತಿದೆ!

ಫೋನಿಗೆ ಕಣ್ಣಿಲ್ಲವಷ್ಟೆ. 3.5 ಮಿಲಿಮೀಟರ್ ರಂಧ್ರದೊಳಗೆ ಲೋಹದ ತೆಳು ಸ್ಪ್ರಿಂಗುಗಳಿವೆ. ಅನೇಕ ಫೋನುಗಳಲ್ಲಿ ಅವುಗಳಲ್ಲೊಂದರ ಮೇಲೆ ಸದಾ ಅಲ್ಪ ವೋಲ್ಟೇಜು ಕಾವಲಿರುತ್ತದೆ. ಹೆಡ್‌ಫೋನನ್ನು ಚುಚ್ಚಿದೊಡನೆ ಅದರ ಸುರುಳಿಯಿಂದ ಮಂಡಲವು ಪೂರ್ಣಗೊಂಡು, ಆ ವೋಲ್ಟೇಜು ಇಳಿಯುವುದು. ಈ ಇಳಿತವೇ ಫೋನಿಗೆ ಸಾಕ್ಷ್ಯ. ಸುರುಳಿಯ ರೋಧ ಸಾಮಾನ್ಯವಾಗಿ 16 ಅಥವಾ 32 ಓಮ್. ಆದರೆ ಕಾವಲಿನ ಪ್ರವಾಹ ಬಹು ಕ್ಷೀಣವಾದುದರಿಂದ, ಸಾವಿರಾರು ಓಮ್ ರೋಧವುಳ್ಳ ಬೆವರಿನ ಪದರವೂ ಅದೇ ಇಳಿತವನ್ನುಂಟುಮಾಡಬಲ್ಲುದು. ಜೇಬಿನ ನೂಲಿನ ಧೂಳು ಆ ತೇವವನ್ನು ಹಿಡಿದಿಡುತ್ತದೆ.

ಮೊದಲು ಫೋನನ್ನು ಆರಿಸಿ ಮತ್ತೆ ಚಾಲೂ ಮಾಡಿ ನೋಡಬೇಕು. ತಂತ್ರಾಂಶದ ದೋಷವಾದರೆ ಅಷ್ಟಕ್ಕೇ ಹೋದೀತು. ಹೋಗದಿದ್ದರೆ ಆರಿಸಿಟ್ಟು, ಮರದ ಹಲ್ಲುಕಡ್ಡಿಯಿಂದ ಧೂಳನ್ನು ಮೆಲ್ಲನೆ ಹೊರತೆಗೆದು, ಒಂದು ಹಗಲು ಗಾಳಿಗೆ ಒಣಗಿಸುವುದು. ಗುಂಡುಸೂಜಿ ಸಲ್ಲದು: ಸ್ಪ್ರಿಂಗು ಬಾಗಿದರೆ ಹುಸಿ ಸಾಕ್ಷ್ಯವೇ ಶಾಶ್ವತವಾದೀತು. ಅಕ್ಕಿಯ ಡಬ್ಬಿಯಲ್ಲಿ ಹೂಳುವ ರೂಢಿಯನ್ನೂ ನಾನು ಒಪ್ಪೆ. ಅಕ್ಕಿಯ ಹುಡಿ ಸೇರುವುದು ಅದೇ ರಂಧ್ರವನ್ನು. ಇಷ್ಟೆಲ್ಲ ಮಾಡುವ ಮುನ್ನವೇ ಕರೆ ಬಂದಲ್ಲಿ, ಪರದೆಯ ಸ್ಪೀಕರ್ ಗುಂಡಿಯನ್ನೊತ್ತಿದರೆ ಸಾಮಾನ್ಯವಾಗಿ ಮಾತು ಕೇಳಿಸುವುದು.