ಚಾಡಿ ಹೇಳಿದ ದೀಪ

‘ಗ್ಯಾಸ್‌ಲೈಟ್ ಮಾಡ್ಬೇಡ’ ಎನ್ನುವ ಮಾತು ಈಗ ಬೆಂಗಳೂರಿನ ಕಾಲೇಜು ಹುಡುಗರ ಬಾಯಲ್ಲಿ ಸಲೀಸು. ನಮ್ಮ ಕಾಲದವರಿಗೆ ಗ್ಯಾಸ್‌ಲೈಟ್ ಅಂದರೆ ಮದುವೆ ದಿಬ್ಬಣದಲ್ಲಿ ತಲೆ ಮೇಲೆ ಹೊತ್ತು ತರುತ್ತಿದ್ದ, ಪಂಪು ಹೊಡೆದು ಉರಿಸುವ ಪೆಟ್ರೋಮ್ಯಾಕ್ಸು. ಅದಲ್ಲ ಇದು. ಒಬ್ಬರ ಕಣ್ಣು, ಕಿವಿ, ನೆನಪಿನ ಮೇಲೆ ಅವರಿಗೇ ನಂಬಿಕೆ ಹೋಗುವಂತೆ ಮಾಡಿ ಬುದ್ಧಿ ಕೆಡಿಸುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಹುಟ್ಟಿಕೊಂಡ ಕ್ರಿಯಾಪದ. ಇಷ್ಟರ ಮಟ್ಟಿಗೆ ಯಾರದೂ ತಕರಾರಿಲ್ಲ. ನನಗೆ ಮೈ ಉರಿಯುವುದು ಇದರ ಬೆನ್ನಿಗೇ ಬರುವ ಕಥೆ ಕೇಳಿದಾಗ.

‘ಒಂದು ಹಳೇ ಸಿನಿಮಾದಲ್ಲಿ ಗಂಡ ದಿನಾ ಬೇಕಂತಲೇ ಗ್ಯಾಸ್ ದೀಪ ಸಣ್ಣ ಮಾಡುತ್ತಿದ್ದ, ಹೆಂಡತಿ ಕೇಳಿದರೆ ದೀಪ ಸರಿಯಾಗೇ ಇದೆ, ನಿನ್ನ ತಲೆಯೇ ಸರಿಯಿಲ್ಲ ಅನ್ನುತ್ತಿದ್ದ’ — ಹೀಗಂತ ಅಂಕಣಗಳಲ್ಲಿ, ಭಾಷಣಗಳಲ್ಲಿ, ನಿಮಿಷದ ವಿಡಿಯೋಗಳಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಇವರಲ್ಲಿ ಯಾರೂ ಆ ಸಿನಿಮಾ ನೋಡಿದ ಹಾಗೆ ಕಾಣುವುದಿಲ್ಲ.

ಮೂಲ, ಪ್ಯಾಟ್ರಿಕ್ ಹ್ಯಾಮಿಲ್ಟನ್ ಬರೆದ 1938ರ ಇಂಗ್ಲಿಷ್ ನಾಟಕ ‘ಗ್ಯಾಸ್ ಲೈಟ್’. ಗಂಡ ಖದೀಮನೇ, ಅನುಮಾನ ಬೇಡ. ಗೋಡೆಯ ಚಿತ್ರಪಟ ತೆಗೆದು ಬಚ್ಚಿಟ್ಟು ‘ನೀನೇ ತೆಗೆದಿದ್ದೀಯ’ ಅನ್ನುತ್ತಾನೆ. ವಸ್ತುಗಳನ್ನು ಮಾಯ ಮಾಡಿ ಅವಳ ಮರೆವಿನ ತಲೆಗೆ ಕಟ್ಟುತ್ತಾನೆ. ಆದರೆ ದೀಪ ಅವನ ಸಂಚಿನಲ್ಲಿ ಇಲ್ಲವೇ ಇಲ್ಲ. ಹಿಂದೆ ಅದೇ ಮನೆಯಲ್ಲಿ ಒಬ್ಬಾಕೆಯನ್ನು ಒಡವೆಗಾಗಿ ಕೊಂದವನು ಅವನು. ಒಡವೆ ಮಾತ್ರ ಸಿಕ್ಕಿಲ್ಲ. ಸಂಜೆ ಹೊರಗೆ ಹೋಗುವ ನಾಟಕವಾಡಿ, ಗುಟ್ಟಾಗಿ ಅದೇ ಮನೆಯ ಮುಚ್ಚಿದ ಮೇಲಂತಸ್ತು ಸೇರಿ ಹುಡುಕುತ್ತಾನೆ. ಹುಡುಕಲು ಬೆಳಕು ಬೇಕಲ್ಲ, ಅಲ್ಲಿಯ ದೀಪ ಹಚ್ಚುತ್ತಾನೆ. ಇಡೀ ಮನೆಗೆ ಗ್ಯಾಸು ಒಂದೇ ಕೊಳವೆಯಲ್ಲಿ ಬರುವುದರಿಂದ ಕೆಳಗೆ ಹೆಂಡತಿಯ ಕೋಣೆಯ ದೀಪ ಕುಗ್ಗುತ್ತದೆ. ಒಂದೇ ಪೈಪಿನ ನೀರಿನ ಬಾಡಿಗೆ ಮನೆಯಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ನೀವು ತಲೆಗೆ ಸೋಪು ಹಚ್ಚಿಕೊಂಡ ಹೊತ್ತಿಗೆ ಸರಿಯಾಗಿ ಕೆಳಗಿನವರು ನಲ್ಲಿ ತಿರುಗಿಸುತ್ತಾರೆ, ನಿಮ್ಮ ನೀರು ದಾರದಷ್ಟಾಗುತ್ತದೆ.

ಅಂದರೆ ಆ ದೀಪ ಗಂಡನ ಆಯುಧವಲ್ಲ, ಅವನಿಗೇ ಗೊತ್ತಿಲ್ಲದೆ ಅವನ ಮೇಲೆ ಚಾಡಿ ಹೇಳಿದ ಸಾಕ್ಷಿ. ಅವನು ಹೊರಟ ಸ್ವಲ್ಪ ಹೊತ್ತಿಗೆ ಬೆಳಕು ಇಳಿಯುತ್ತದೆ, ಬರುವ ಮುಂಚೆ ಏರುತ್ತದೆ. ಪತ್ತೇದಾರ ಬಂದು, ಅವಳು ಕಂಡದ್ದನ್ನು ತಾನೂ ಕಂಡಾಗಲೇ ಅವಳಿಗೆ ಜೀವ ಬರುವುದು. ನಮ್ಮ ಜನಪದ ಕಥೆಯೊಂದರಲ್ಲಿ ರಾತ್ರಿ ಆರಿಸಿದ ದೀಪಗಳೆಲ್ಲ ಹನುಮಂತನ ಗುಡಿಯಲ್ಲಿ ಸೇರಿ ಮನೆಮನೆಯ ಸುದ್ದಿ ಆಡಿಕೊಳ್ಳುತ್ತವೆ; ಹೆಂಡತಿಯನ್ನು ಶಂಕಿಸಿದ ಗಂಡನಿಗೆ ನಿಜ ತಿಳಿಯುವುದು ಅಲ್ಲಿಯೇ. ಹ್ಯಾಮಿಲ್ಟನ್‌ನ ದೀಪ ಆ ಜಾತಿಯದು.

ಇನ್ನು ಚಿಲ್ಲರೆ ತಪ್ಪುಗಳು. ಇಂಗ್ರಿಡ್ ಬರ್ಗ್‌ಮನ್‌ಗೆ ಆಸ್ಕರ್ ತಂದ 1944ರ ಚಿತ್ರವೇ ಮೊದಲನೆಯದಲ್ಲ. 1940ರಲ್ಲೇ ಬ್ರಿಟನ್ನಿನಲ್ಲಿ ಒಂದು ಬಂದಿತ್ತು. ಕ್ರಿಯಾಪದ ನಾಟಕದಲ್ಲೂ ಇಲ್ಲ, ಚಿತ್ರದಲ್ಲೂ ಇಲ್ಲ. ಅದು ಆಮೇಲೆ ಅಮೆರಿಕದವರ ಆಡುಮಾತಿನಲ್ಲಿ ಬೆಳೆದದ್ದು. ಅದೊಂದು ಕಾಯಿಲೆಯ ಹೆಸರೂ ಅಲ್ಲ, ‘ದಿ ಲ್ಯಾನ್ಸೆಟ್’ ವೈದ್ಯ ಪತ್ರಿಕೆಯಲ್ಲಿ 1969ರಲ್ಲೇ ಈ ಹೆಸರಿಟ್ಟು ಲೇಖನ ಬಂದಿದ್ದರೂ. ಬರೀ ಸುಳ್ಳು ಹೇಳಿದರೆ ಅದು ಸುಳ್ಳು, ಅಷ್ಟೇ. ‘ನಾನು ಹಾಗಂದೇ ಇಲ್ಲ’ ಎಂದ ಗಂಡಂದಿರಲ್ಲಿ ಮುಕ್ಕಾಲು ಪಾಲು ನಿಜಕ್ಕೂ ಮರೆತವರು.

2022ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟು ‘ಗ್ಯಾಸ್‌ಲೈಟಿಂಗ್’ ಅನ್ನು ವರ್ಷದ ಪದ ಎಂದು ಆರಿಸಿತು. ಅದನ್ನು ಹುಡುಕಿದವರ ಪ್ರಮಾಣ ಆ ವರ್ಷ ಶೇ 1740ರಷ್ಟು ಏರಿತ್ತಂತೆ. ಇಷ್ಟು ಜನ ಪದ ಹುಡುಕಿಯೂ ಕಥೆ ಹುಡುಕಲಿಲ್ಲ. ‘ನಿಮ್ಮ ಕಣ್ಣನ್ನೇ ನಂಬಿ’ ಎಂದು ಉಪದೇಶಿಸುವ ವಿಡಿಯೋದವರು, ತಾವು ಮಾತ್ರ ಯಾರೋ ಹೇಳಿದ್ದನ್ನು ನಂಬಿ, ಎರಡು ಗಂಟೆಯೂ ಇಲ್ಲದ ಚಿತ್ರವನ್ನು ನೋಡದೆ ಗಂಡನ ಕೈಯಿಂದ ದೀಪದ ತಿರುಪು ತಿರುಗಿಸುತ್ತಲೇ ಇದ್ದಾರೆ.