ಎಣಿಕೆಗೆ ಸಿಕ್ಕವರು ಕೆಲವರೇ ಆದಾಗ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿ ನೋಡಿದರೆ ಸಾಕೆಂಬುದು ನಮ್ಮ ಹಿರಿಯರ ಮಾತು. ಒಂದೇ ಮಡಕೆಯಲ್ಲಿ, ಒಂದೇ ಉರಿಯಲ್ಲಿ ಬೆಂದ ಅಕ್ಕಿಗೆ ಆ ಮಾತು ಸಲ್ಲುತ್ತದೆ, ಮನುಷ್ಯರಿಗೆ ಸಲ್ಲುವುದಿಲ್ಲ. ಹಾಗಾದರೆ ಎಣಿಕೆಗೆ ಸಿಕ್ಕವರು ಕೆಲವರೇ ಆಗಿರುವಾಗ ಎಷ್ಟರಮಟ್ಟಿಗೆ ನಿರ್ಣಯ ಹೇಳಬಹುದು? ಕನ್ನಡ ಪಾಠ ಹೇಳಿ ನಿವೃತ್ತನಾದ ನಾನು ಸಂಖ್ಯಾಶಾಸ್ತ್ರದ ಈ ಪ್ರಶ್ನೆಯನ್ನು ಎತ್ತಿಕೊಳ್ಳಲು ನಮ್ಮ ಆಂಡರ್ಸನ್‌ಪೇಟೆಯೇ ಕಾರಣ.

ಕೋಲಾರದ ಚಿನ್ನದ ಗಣಿಗಳ ಮಗ್ಗುಲಲ್ಲಿ ಬೆಳೆದ ಊರು ಇದು. ಗಣಿಯ ಕಲ್ಲನ್ನು ಕೊರೆದು ಸಿಡಿಸುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ನೆಲೆಸಿ, ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗವನ್ನು ತರುತ್ತದೆ. 1940ರ ದಶಕದಲ್ಲಿ ಇಲ್ಲಿ ಏಳು ಸಾವಿರಕ್ಕೂ ಮೀರಿದ ಕಾರ್ಮಿಕರನ್ನು ಪರೀಕ್ಷಿಸಲಾಯಿತು. ಅಷ್ಟು ಜನರಿದ್ದಾಗ ಲೆಕ್ಕ ಸುಗಮ. ಆದರೆ 2001ರಲ್ಲಿ ಗಣಿಗಳು ಮುಚ್ಚಿದವು. ಸುರಂಗಕ್ಕೆ ಇಳಿದವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕರಗುತ್ತಿದೆ.

ನಿದರ್ಶನಕ್ಕಾಗಿ ಒಂದು ಕೇರಿಯನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ ಎಂಟು ಮಂದಿ ವೃದ್ಧರು. ನಾಲ್ವರು ಸುರಂಗದಲ್ಲಿ ದುಡಿದವರು, ನಾಲ್ವರು ನೆಲದ ಮೇಲೆ ದುಡಿದವರು. ಎಂಟು ಮಂದಿಯಲ್ಲಿ ನಾಲ್ವರಿಗೆ ಶ್ವಾಸರೋಗ. ಆ ರೋಗಿಗಳಲ್ಲಿ ಮೂವರು ಸುರಂಗದವರು. ಕೆಲಸಕ್ಕೂ ರೋಗಕ್ಕೂ ಸಂಬಂಧವಿದೆಯೆ?

ಕಾರ್ಲ್ ಪಿಯರ್ಸನ್ 1900ರಲ್ಲಿ ರೂಪಿಸಿದ ಕೈ-ವರ್ಗ ಪರೀಕ್ಷೆ ಇಂತಹ ಪ್ರಶ್ನೆಗಾಗಿಯೇ ಇದೆ. ಸಂಬಂಧವೇ ಇಲ್ಲದಿದ್ದರೆ ಕೋಷ್ಟಕದ ಒಂದೊಂದು ಮನೆಯಲ್ಲಿ ಎಷ್ಟು ಮಂದಿ ಇರಬೇಕಿತ್ತು, ನಿಜವಾಗಿ ಎಷ್ಟು ಮಂದಿ ಇದ್ದಾರೆ ಎಂಬ ಅಂತರವನ್ನು ಅದು ಅಳೆಯುತ್ತದೆ. ಆದರೆ ಅದರ ಉತ್ತರ ಅಂದಾಜಿನದು. ನಿರೀಕ್ಷಿತ ಸಂಖ್ಯೆ ಐದಕ್ಕಿಂತ ಕಡಿಮೆಯಾದಲ್ಲಿ ಅದನ್ನು ನಂಬಬಾರದೆಂಬುದು ವಾಡಿಕೆಯ ನಿಯಮ. ನಮ್ಮ ಕೇರಿಯ ಕೋಷ್ಟಕದಲ್ಲಾದರೋ ಒಂದೊಂದು ಮನೆಯಲ್ಲಿಯೂ ನಿರೀಕ್ಷೆ ಎರಡೇ.

ಇದಕ್ಕೆ ದಾರಿ ತೋರಿದವರು ರೊನಾಲ್ಡ್ ಫಿಷರ್. 1935ರ ತಮ್ಮ ಗ್ರಂಥದಲ್ಲಿ ಅವರು ಒಬ್ಬ ಮಹಿಳೆಯ ಪ್ರಸಂಗವನ್ನು ವಿವರಿಸಿದ್ದಾರೆ. ಬಟ್ಟಲಿಗೆ ಮೊದಲು ಬಿದ್ದದ್ದು ಹಾಲೋ ಚಹವೋ ಎಂಬುದನ್ನು ರುಚಿಯಿಂದಲೇ ಹೇಳಬಲ್ಲೆನೆಂಬುದು ಆಕೆಯ ವಾದ. ಎಂಟು ಬಟ್ಟಲುಗಳಲ್ಲಿ ಹಾಲು ಮೊದಲು ಬಿದ್ದ ನಾಲ್ಕನ್ನು ಆಕೆ ಆರಿಸಬೇಕು. ಎಂಟರಲ್ಲಿ ನಾಲ್ಕನ್ನು ಆರಿಸುವ ಬಗೆಗಳು 70. ಬರಿಯ ಊಹೆಯಿಂದ ನಾಲ್ಕೂ ಸರಿಹೋಗುವ ಸಂಭವ 70ರಲ್ಲಿ ಒಂದು. ಇಲ್ಲಿ ಅಂದಾಜಿಲ್ಲ, ಎಣಿಕೆ ಮಾತ್ರ.

ನಮ್ಮ ಕೇರಿಗೂ ಇದೇ ಲೆಕ್ಕ. ರೋಗವು ಕುರುಡಾಗಿ ನಾಲ್ವರನ್ನು ಹಿಡಿದಿದ್ದರೆ, ಸುರಂಗದವರಲ್ಲಿ ಮೂವರು ಸಿಕ್ಕುವ ಬಗೆಗಳು 16, ನಾಲ್ವರೂ ಸಿಕ್ಕುವ ಬಗೆ ಒಂದು. ಒಟ್ಟು 70ರಲ್ಲಿ 17, ಸುಮಾರು ನಾಲ್ಕರಲ್ಲೊಂದು. ಇಷ್ಟು ಸುಲಭವಾಗಿ ಆಕಸ್ಮಿಕದಿಂದಲೇ ಒದಗಬಹುದಾದದ್ದನ್ನು ಪ್ರಮಾಣವೆಂದು ಒಪ್ಪಲಾಗದು.

ಇಲ್ಲಿಯೇ ಎಚ್ಚರ ಬೇಕು. ‘ಸಂಬಂಧ ಸಿದ್ಧವಾಗಲಿಲ್ಲ’ ಎಂಬುದು ‘ಸಂಬಂಧವಿಲ್ಲ’ ಎಂಬುದಲ್ಲ. ಇಪ್ಪತ್ತರಲ್ಲಿ ಒಂದಕ್ಕಿಂತ ಕಡಿಮೆ ಸಂಭವವಿದ್ದರೆ ಮಾತ್ರ ಒಪ್ಪುವುದು ರೂಢಿ. ಈ ಕೇರಿಯಲ್ಲಿ ಸುರಂಗದ ನಾಲ್ವರಿಗೆ ನಾಲ್ವರೂ ರೋಗಿಗಳಾದ ಹೊರತು ಆ ಗೆರೆಯನ್ನು ದಾಟುವಂತೆಯೇ ಇಲ್ಲ. ಮೂವರ ಏದುಸಿರು ಅಳತೆಗೆ ಸಿಗದೆ ಹೋದದ್ದು ಅಳತೆಗೋಲಿನ ಮಿತಿಯೇ ಹೊರತು ಅವರ ಆರೋಗ್ಯದ ಲಕ್ಷಣವಲ್ಲ.

ಹಲವು ಕೇರಿಗಳವರನ್ನು ಒಟ್ಟು ರಾಶಿ ಹಾಕಿದರಾಯಿತೆಂದು ಕೇಳುಗರಿಗೆ ತೋರಬಹುದು. ಅದೂ ಅಪಾಯವೇ. ಸಯನೈಡ್ ದಿಬ್ಬದ ಸಮೀಪದ ಕೇರಿಯಲ್ಲಿ ಗಾಳಿ ಎದ್ದರೆ ಸುರಂಗ ಕಾಣದವರೂ ಧೂಳು ಕುಡಿಯುತ್ತಾರೆ. ದೂರದ ಕೇರಿಯ ಪಾಡು ಬೇರೆ. ಒಂದೊಂದು ಕೇರಿಯ ಕೋಷ್ಟಕವನ್ನು ಪ್ರತ್ಯೇಕವಾಗಿಟ್ಟುಕೊಂಡೇ ಅವುಗಳ ಸಾಕ್ಷ್ಯವನ್ನು ಕೂಡಿಸುವ ವಿಧಾನವನ್ನು ಮ್ಯಾಂಟೆಲ್ ಮತ್ತು ಹೆನ್ಸೆಲ್ 1959ರಲ್ಲಿ ತಿಳಿಸಿದರು. ಒಬ್ಬೊಬ್ಬರ ಸಾಕ್ಷ್ಯ ಅಲ್ಪವಾದರೂ ಕ್ರಮವಾಗಿ ಕೂಡಿದಾಗ ಅದಕ್ಕೆ ತೂಕ ಬರುತ್ತದೆ.

ಕೆಲವರೇ ಇದ್ದಾರೆಂದು ಆತುರದ ತೀರ್ಪು ಕೊಡುವುದು ಎಷ್ಟು ತಪ್ಪೋ, ಕೆಲವರೇ ಇದ್ದಾರೆಂದು ಎಣಿಸದೆ ಬಿಡುವುದೂ ಅಷ್ಟೇ ತಪ್ಪು. ಉಳಿದವರನ್ನು ಅವರು ಉಳಿದಿರುವಾಗಲೇ ಎಣಿಸಬೇಕು.